ಕಡಿಮೆ ಕಾಸಿನ ರಾಕ್ಷಸರು

ಎರಡನೆಯ ಮಹಾಯುದ್ಧ ಮುಗಿದ ನಂತರದ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಸಣ್ಣ ನಿರ್ಮಾಪಕರು ವಿಜ್ಞಾನದ ಕಲ್ಪನೆಯನ್ನೂ ಭೀತಿಯ ಕಥೆಯನ್ನೂ ಒಂದೇ ಚೌಕಟ್ಟಿಗೆ ತಂದು, ಅತಿ ಕಡಿಮೆ ಹಣದಲ್ಲಿ, ಎಷ್ಟೋ ವೇಳೆ ಒಂದೆರಡು ವಾರಗಳ ಚಿತ್ರೀಕರಣದಲ್ಲಿ, ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ತಯಾರಿಸಿದರು. ಶುಕ್ರಗ್ರಹದಿಂದ ಬಂದಿಳಿದ ಜೀವಿ, ಪ್ರಯೋಗಶಾಲೆಯಿಂದ ತಪ್ಪಿಸಿಕೊಂಡು ಮನೆಯಷ್ಟೆತ್ತರಕ್ಕೆ ಬೆಳೆದ ಜೇಡ, ಅಣುಬಾಂಬಿನ ಪ್ರಯೋಗದಿಂದ ಎಚ್ಚರಗೊಂಡ ಪುರಾತನ ಮೃಗ ಇವುಗಳ ವಸ್ತು. ಕಪ್ಪು-ಬಿಳುಪು ಛಾಯಾಗ್ರಹಣ, ರಬ್ಬರಿನ ವೇಷ, ಹಲಗೆಯ ಸೆಟ್ಟು, ಒಂದು ಗಂಟೆಗಿಂತ ತುಸು ಹೆಚ್ಚಿನ ಅವಧಿ ಇವುಗಳ ರೂಪ. ಬಂದ ಕಾಲದಲ್ಲಿ ವಿಮರ್ಶಕರು ಇವುಗಳಲ್ಲಿ ಹೆಚ್ಚಿನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮುಂದಿನ ತಲೆಮಾರು ಇವುಗಳ ವೇಷಗಳನ್ನು ನೋಡಿ ನಕ್ಕಿತು. ಆದರೂ ಏಳು ದಶಕಗಳಾದ ಮೇಲೆ, ಅದೇ ಕಾಲದ ಅದ್ದೂರಿ ಚಿತ್ರಗಳಲ್ಲಿ ಬಹುಪಾಲು ಮರೆತುಹೋಗಿರುವಾಗ, ಈ ಬಡ ಚಿತ್ರಗಳಿಗೆ ಜಗತ್ತಿನ ನಾನಾ ಕಡೆ ಪ್ರೀತಿಯ ಪ್ರೇಕ್ಷಕರಿದ್ದಾರೆ. ಅವುಗಳ ದೋಷಗಳಲ್ಲಿ ಸಿಗುವ ತಮಾಷೆಯೇ ಈ ಪ್ರೀತಿಗೆ ಕಾರಣವೆಂಬ ಅಭಿಪ್ರಾಯ ಸಾಮಾನ್ಯವಾಗಿದ್ದರೂ ಅದು ಒಪ್ಪುವಂಥದ್ದಲ್ಲ. ಹಣವಿಲ್ಲದ ಕಡೆ ಕಲ್ಪನೆಯನ್ನು ದುಡಿಸಿಕೊಂಡ ರೀತಿ ಮತ್ತು ತಮ್ಮ ಕಾಲದ ಭಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ ರೀತಿಯಲ್ಲಿಯೇ ಅವುಗಳ ನಿಜವಾದ ಸೆಳೆತವಿದೆ.

ಈ ಚಿತ್ರಗಳ ಹುಟ್ಟಿನ ಹಿಂದೆ ವ್ಯಾಪಾರದ ಒಂದು ದೊಡ್ಡ ಪಲ್ಲಟವಿದೆ. 1930 ಮತ್ತು 40ರ ದಶಕಗಳಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸುವುದು ವಾಡಿಕೆಯಾಗಿತ್ತು. ಹೆಸರಾಂತ ತಾರೆಯರಿದ್ದ ಮುಖ್ಯ ಚಿತ್ರದ ಜೊತೆಯಲ್ಲಿ ಬರುತ್ತಿದ್ದ ಕಡಿಮೆ ಖರ್ಚಿನ ಎರಡನೆಯ ಚಿತ್ರಕ್ಕೆ 'ಬಿ' ಚಿತ್ರವೆಂಬ ಹೆಸರು ಬಿದ್ದಿತು. ದೊಡ್ಡ ಸ್ಟುಡಿಯೋಗಳು ಇಂಥ ಚಿತ್ರಗಳನ್ನೂ ತಾವೇ ತಯಾರಿಸಿ, ತಮ್ಮ ಒಡೆತನದ ಮಂದಿರಗಳಲ್ಲಿ ತೋರಿಸುವುದರ ಜೊತೆಗೆ, ಉಳಿದ ಮಂದಿರಗಳ ಮಾಲೀಕರು ಒಂದು ಒಳ್ಳೆಯ ಚಿತ್ರ ಬೇಕೆಂದರೆ ಹಲವು ಸಾಧಾರಣ ಚಿತ್ರಗಳನ್ನೂ ಒಟ್ಟಿಗೇ ಕೊಳ್ಳಬೇಕೆಂದು ಒತ್ತಾಯಿಸುತ್ತಿದ್ದವು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಪ್ಯಾರಾಮೌಂಟ್ ಮೊಕದ್ದಮೆಯ ತೀರ್ಪಿನಲ್ಲಿ ಈ ಪದ್ಧತಿಯನ್ನು ತಡೆದು, ಸ್ಟುಡಿಯೋಗಳು ತಮ್ಮ ಮಂದಿರಗಳ ಒಡೆತನವನ್ನು ಬಿಟ್ಟುಕೊಡುವಂತಾದಾಗ, ಮತ್ತು ಅದೇ ಹೊತ್ತಿಗೆ ಟೆಲಿವಿಷನ್ನು ಹಿರಿಯ ಪ್ರೇಕ್ಷಕರನ್ನು ಮನೆಯಲ್ಲೇ ಕೂರಿಸಿದಾಗ, ಸಣ್ಣ ಚಿತ್ರಗಳನ್ನು ತಯಾರಿಸುವುದು ಸ್ಟುಡಿಯೋಗಳಿಗೆ ಲಾಭದ ಕೆಲಸವಾಗಿ ಉಳಿಯಲಿಲ್ಲ. ಮಂದಿರಗಳಿಗೆ ಮಾತ್ರ ಎರಡನೆಯ ಚಿತ್ರ ಬೇಕೇ ಇತ್ತು. ಅದಕ್ಕಿಂತ ಹೆಚ್ಚಾಗಿ, ಕಾರಿನಲ್ಲಿ ಕುಳಿತೇ ಬಯಲಿನ ದೊಡ್ಡ ಪರದೆಯಲ್ಲಿ ಚಿತ್ರ ನೋಡುವ ಡ್ರೈವ್-ಇನ್ ಮಂದಿರಗಳು ಊರೂರ ಹೊರವಲಯದಲ್ಲಿ ಹಬ್ಬಿದ್ದವು. 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್‌ಡೆನ್ ಬಳಿ ಒಂದರಿಂದ ಆರಂಭವಾದ ಇವುಗಳ ಸಂಖ್ಯೆ 50ರ ದಶಕದ ಕೊನೆಯ ಹೊತ್ತಿಗೆ ನಾಲ್ಕು ಸಾವಿರವನ್ನು ದಾಟಿತ್ತು. ಅಲ್ಲಿಗೆ ಬರುವವರಲ್ಲಿ ಹದಿಹರೆಯದವರೇ ಹೆಚ್ಚಾಗಿದ್ದುದರಿಂದ ಅವರನ್ನೇ ಗುರಿಯಾಗಿಟ್ಟುಕೊಂಡು ಜೇಮ್ಸ್ ನಿಕೊಲ್ಸನ್ ಮತ್ತು ಸ್ಯಾಮ್ಯುಯೆಲ್ ಆರ್ಕಾಫ್ 1954ರಲ್ಲಿ ಒಂದು ಕಂಪನಿಯನ್ನು ಕಟ್ಟಿದರು. ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂದು ಮುಂದೆ ಪ್ರಸಿದ್ಧವಾದ ಆ ಸಂಸ್ಥೆಯಲ್ಲಿ ಮೊದಲು ಚಿತ್ರದ ಹೆಸರು ಮತ್ತು ಭಿತ್ತಿಪತ್ರ ಸಿದ್ಧವಾಗಿ, ಮಂದಿರಗಳ ಮಾಲೀಕರು ಒಪ್ಪಿದ ಮೇಲೆ ಕಥೆ ಬರೆಸುವ ಕ್ರಮ ಎಷ್ಟೋ ಸಲ ನಡೆಯುತ್ತಿತ್ತು.

ಈ ಸಂಸ್ಥೆಗೆ ಅತಿ ಹೆಚ್ಚು ದುಡಿದವರಲ್ಲಿ ರೋಜರ್ ಕಾರ್ಮನ್ ಪ್ರಮುಖರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ ಚಿತ್ರರಂಗಕ್ಕೆ ಬಂದ ಅವರು 1954ರಲ್ಲಿ ಸಾಗರತಳದ ರಾಕ್ಷಸನೊಬ್ಬನ ಕಥೆಯನ್ನು ಸುಮಾರು 12,000 ಡಾಲರುಗಳಲ್ಲಿ ತಯಾರಿಸಿ, ಅದರ ಗಳಿಕೆಯಿಂದ ಮುಂದಿನ ಚಿತ್ರ, ಮುಂದಿನದರಿಂದ ಅದರ ಮುಂದಿನದು ಎಂಬಂತೆ ವರ್ಷಕ್ಕೆ ಹಲವು ಚಿತ್ರಗಳನ್ನು ಹೊರತರುತ್ತಾ ಹೋದರು. 1956ರ 'ಇಟ್ ಕಾಂಕರ್ಡ್ ದಿ ವರ್ಲ್ಡ್' ಅವರ ವಿಧಾನವನ್ನು ಅರಿಯಲು ಒಳ್ಳೆಯ ಉದಾಹರಣೆ. ಶುಕ್ರಗ್ರಹದ ಜೀವಿಯೊಂದು ಭೂಮಿಗೆ ಬಂದು, ಅದನ್ನು ನಂಬಿದ ಒಬ್ಬ ವಿಜ್ಞಾನಿಯ ನೆರವಿನಿಂದ ಮನುಷ್ಯರ ಭಾವನೆಗಳನ್ನು ಅಳಿಸಿ ಅವರನ್ನು ಕೈಗೊಂಬೆಗಳನ್ನಾಗಿ ಮಾಡಿಕೊಳ್ಳಲು ಹವಣಿಸುವುದು ಕಥೆ. ಆ ಜೀವಿಯನ್ನು ನಿರ್ಮಿಸಿದವರು ಪಾಲ್ ಬ್ಲೇಸ್‌ಡೆಲ್. ವಿಜ್ಞಾನಕಥೆಯ ಪತ್ರಿಕೆಗಳಿಗೆ ಚಿತ್ರ ಬರೆಯುತ್ತಿದ್ದ ಈ ಕಲಾವಿದ ಪತ್ನಿಯ ನೆರವಿನಿಂದ ರಬ್ಬರು, ಮರದ ಚೌಕಟ್ಟು, ಅಂಟು ಮತ್ತು ಬಣ್ಣಗಳಲ್ಲಿ ರಾಕ್ಷಸರನ್ನು ಕಟ್ಟಿ, ಬಹಳಷ್ಟು ಸಲ ಒಳಗೆ ತಾವೇ ಹೊಕ್ಕು ಕೈಕಾಲು ಆಡಿಸುತ್ತಿದ್ದರು. ಭಾರಿ ಗುರುತ್ವಾಕರ್ಷಣೆಯಿದೆಯೆಂದು ಭಾವಿಸಿದ ಗ್ರಹದ ಜೀವಿ ನೆಲಕ್ಕೆ ಅಂಟಿಕೊಂಡಂತೆ ಕುಳ್ಳಾಗಿಯೇ ಇರಬೇಕೆಂಬ ತರ್ಕದ ಮೇಲೆ ಮೊದಲ ರೂಪ ತಯಾರಾಯಿತು. ಅದನ್ನು ನೋಡಿದ ನಾಯಕಿ ಬೆವರ್ಲಿ ಗಾರ್ಲೆಂಡ್, ಇಷ್ಟು ಗಿಡ್ಡದು ಜಗತ್ತನ್ನು ಗೆಲ್ಲುವುದೇ ಎಂದು ಹಾಸ್ಯ ಮಾಡಿದಾಗ, ರಾಕ್ಷಸ ಯಾವಾಗಲೂ ನಾಯಕಿಗಿಂತ ಎತ್ತರವಿರಬೇಕೆಂಬ ಪಾಠ ಕಲಿತುದಾಗಿ ಕಾರ್ಮನ್ ಅನಂತರ ಹಲವು ಬಾರಿ ಹೇಳಿದ್ದಾರೆ. ಜೀವಿಯ ತಲೆಯನ್ನು ಎತ್ತರಿಸಲಾಯಿತು. ಹಾಗಾಗಿ ಪರದೆಯ ಮೇಲೆ ಇಂದು ಕಾಣುವುದು ಮೊನೆ ಮೇಲಾಗಿ ನೆಟ್ಟ ದಪ್ಪ ಗಜ್ಜರಿಯಂಥ ಒಂದು ಆಕಾರ, ಅದಕ್ಕೆ ಏಡಿಯ ಕೊಂಡಿಗಳಂಥ ಎರಡು ಕೈ, ಬಾಯಿತುಂಬ ಹಲ್ಲು. ಅದು ಯಾರನ್ನೂ ಹೆದರಿಸದಿರಬಹುದು. ಆದರೆ ಬೇರೆ ಗ್ರಹದ ಭೌತಿಕ ಸ್ಥಿತಿಗೆ ಹೊಂದುವ ದೇಹ ಹೇಗಿರಬೇಕೆಂದು ಕೆಲವೇ ನೂರು ಡಾಲರುಗಳ ಕೆಲಸದಲ್ಲೂ ಕೇಳಿಕೊಂಡ ಆ ಶ್ರದ್ಧೆ, ಮನುಷ್ಯನಿಗೆ ಎರಡು ಕೊಂಬು ಅಂಟಿಸಿ ಅನ್ಯಗ್ರಹವಾಸಿಯೆಂದು ತೋರಿಸಿದ ಎಷ್ಟೋ ಶ್ರೀಮಂತ ಚಿತ್ರಗಳಲ್ಲಿಲ್ಲ.

ಆ ಜೀವಿ ಅಡಗುವ ಗುಹೆಯೂ ಒಂದು ಸ್ವಾರಸ್ಯದ ವಸ್ತು. ಲಾಸ್ ಏಂಜಲೀಸ್ ನಗರದ ಗ್ರಿಫಿತ್ ಉದ್ಯಾನದ ಅಂಚಿನಲ್ಲಿ, ಹಾಲಿವುಡ್ಡಿನಿಂದ ಕೆಲವೇ ನಿಮಿಷಗಳ ದಾರಿಯಲ್ಲಿ, ಬ್ರಾನ್ಸನ್ ಕಣಿವೆಯೆಂಬ ಹಳೆಯ ಕಲ್ಲುಗಣಿಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಲ್ಲಿಗಾಗಿ ಅಗೆದು ಬಿಟ್ಟ ಈ ಗಣಿಯಲ್ಲಿ ಉಳಿದ ಚಿಕ್ಕ ಸುರಂಗಗಳು ಸಣ್ಣ ನಿರ್ಮಾಪಕರಿಗೆ ಬಾಡಿಗೆಯ ಸೆಟ್ಟಿಗಿಂತ ಅಗ್ಗವಾಗಿ ಒದಗಿದವು. 'ರೋಬೋಟ್ ಮಾನ್‌ಸ್ಟರ್' ಚಿತ್ರದಲ್ಲಿ ಇದು ಮನುಕುಲವನ್ನು ಅಳಿಸಲು ಬಂದವನ ಬೀಡು. ಕಾರ್ಮನ್ನರ ಚಿತ್ರದಲ್ಲಿ ಶುಕ್ರನ ಜೀವಿಯ ಬಿಲ. 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್' ಚಿತ್ರದಲ್ಲಿ ಬೆನ್ನಟ್ಟುವವರಿಂದ ನಾಯಕ-ನಾಯಕಿಯರು ಅಡಗಿಕೊಳ್ಳುವ ತಾಣ. ಈ ಚಿತ್ರಗಳ ಅಭಿಮಾನಿಗಳು ಅದನ್ನು ದೂರದಿಂದಲೇ ಗುರುತಿಸುತ್ತಾರೆ. ಒಂದೇ ಕಲ್ಲಿನ ಬಾಯಿ ಬೆಳಕಿನ ಕೋನ ಬದಲಾದಂತೆ ಬೇರೆ ಬೇರೆ ಲೋಕವಾಗುವುದನ್ನು ನೋಡುವುದು ಈ ಪ್ರಕಾರದ ದೊಡ್ಡ ಸುಖಗಳಲ್ಲೊಂದು.

ಬ್ಲೇಸ್‌ಡೆಲ್ ಕೈಕೆಲಸದ ಮತ್ತೊಂದು ಚಿತ್ರ 1958ರ 'ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್'. ಮಂಗಳಗ್ರಹದಿಂದ ಭೂಮಿಗೆ ಮರಳುತ್ತಿರುವ ರಾಕೆಟ್ಟಿನೊಳಗೆ ಒಂದು ಜೀವಿ ನುಸುಳಿಕೊಂಡಿದೆ; ಅದು ಒಂದೊಂದೇ ಅಂತಸ್ತನ್ನು ಏರಿ ಬರುತ್ತಿದ್ದಂತೆ ಒಳಗಿನವರು ಮೇಲಿನ ಅಂತಸ್ತಿಗೆ ಸರಿಯುತ್ತ, ಕೊನೆಗೆ ಸರಿಯಲು ಜಾಗವೇ ಇಲ್ಲದಂತಾಗುತ್ತದೆ. ರಾಕ್ಷಸನ ವೇಷ ಹಾಕಿದ ನಟ ಅಳತೆ ಕೊಡಲು ಬಾರದ ಕಾರಣ ಮುಖವಾಡ ಚಿಕ್ಕದಾಗಿ, ಅವನ ಗಲ್ಲ ರಾಕ್ಷಸನ ಬಾಯಿಯಿಂದ ಹೊರಗೆ ಇಣುಕಿತು. ಹೊಸದನ್ನು ಮಾಡಲು ಸಮಯವೂ ಹಣವೂ ಇಲ್ಲದ್ದರಿಂದ ಆ ಗಲ್ಲಕ್ಕೇ ಬಣ್ಣ ಬಳಿದು ಅದನ್ನು ನಾಲಗೆಯನ್ನಾಗಿ ಮಾಡಲಾಯಿತು. ಈ ಬಗೆಯ ಪರಿಹಾರವನ್ನು ತಿಳಿದು ನೋಡಿದವರಿಗೆ ಆ ದೃಶ್ಯದಲ್ಲಿ ಭಯದ ಜೊತೆಗೆ ಕುಶಲಕರ್ಮಿಯೊಬ್ಬನ ಕೈಯೂ ಕಾಣುತ್ತದೆ. ಕಥೆಯ ಶಕ್ತಿಯಂತೂ ವೇಷವನ್ನು ಮೀರಿ ಉಳಿಯಿತು: ಇಪ್ಪತ್ತೊಂದು ವರ್ಷಗಳ ಅನಂತರ ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ ಬಂದ 'ಏಲಿಯನ್' ಚಿತ್ರದ ಪೂರ್ವಜರನ್ನು ಹುಡುಕುವವರೆಲ್ಲ ಮೊದಲು ಹೆಸರಿಸುವುದು ಈ ಪುಟ್ಟ ಚಿತ್ರವನ್ನೇ.

ರಾಕ್ಷಸನನ್ನು ಪೂರ್ತಿ ತೋರಿಸಲು ಹಣ ಸಾಲದಿದ್ದಾಗ ತೋರಿಸದೆ ಇರುವ ಕಲೆ ಬೆಳೆಯಿತು. ಬಾಗಿಲಿನಡಿಯ ಬೆಳಕಿನಲ್ಲಿ ಹಾದುಹೋಗುವ ನೆರಳು, ಚೀರಿದವರ ಮುಖ, ಮರುದಿನ ಕಂಡ ಹೆಜ್ಜೆಗುರುತು ಇಷ್ಟರಿಂದಲೇ ನಿರ್ದೇಶಕರು ಕೆಲಸ ಸಾಧಿಸಿದರು. ಹೋವರ್ಡ್ ಹಾಕ್ಸ್ ನಿರ್ಮಿಸಿದ 1951ರ 'ದಿ ಥಿಂಗ್ ಫ್ರಮ್ ಅನದರ್ ವರ್ಲ್ಡ್' ತೀರ ಬಡ ಚಿತ್ರವಲ್ಲದಿದ್ದರೂ ಈ ಕಲೆಗೆ ಮಾದರಿಯಾದದ್ದು. ಅದರಲ್ಲಿ ಹಿಮದಡಿ ಹೂತ ಯಾವುದೋ ವಸ್ತುವಿನ ಆಕಾರ ತಿಳಿಯಲು ಸೈನಿಕರೂ ವಿಜ್ಞಾನಿಗಳೂ ಅದರ ಅಂಚಿನುದ್ದಕ್ಕೂ ಕೈಚಾಚಿ ನಿಲ್ಲುತ್ತಾರೆ; ಎಲ್ಲರೂ ನಿಂತ ಮೇಲೆ ನೋಡಿದರೆ ತಾವು ನಿಂತಿರುವುದು ಒಂದು ವೃತ್ತದಲ್ಲೆಂದು ಅವರಿಗೆ ಅರಿವಾಗುತ್ತದೆ. ಹಾರುವ ತಟ್ಟೆಯನ್ನು ತೋರಿಸದೆಯೇ ತೋರಿಸಿದ ಈ ದೃಶ್ಯಕ್ಕೆ ಬೇಕಾದದ್ದು ಹತ್ತಾರು ನಟರು ಮತ್ತು ಬಯಲು ಮಾತ್ರ. ಧ್ವನಿಯಲ್ಲೂ ಇದೇ ಜಾಣ್ಮೆ ಕೆಲಸ ಮಾಡಿತು. ರಷ್ಯದ ವಿಜ್ಞಾನಿ ಲಿಯೋನ್ ಥೆರೆಮಿನ್ ಕಂಡುಹಿಡಿದ, ಮುಟ್ಟದೆಯೇ ಗಾಳಿಯಲ್ಲಿ ಕೈಯಾಡಿಸಿ ನುಡಿಸುವ ವಿದ್ಯುತ್ ವಾದ್ಯವೊಂದರ ನಡುಗುವ, ಅಳುವ ದನಿ 50ರ ದಶಕದ ಇಂಥ ಚಿತ್ರಗಳಲ್ಲಿ ಅನ್ಯಲೋಕದ ಗುರುತೇ ಆಯಿತು. ಜಪಾನಿನಲ್ಲಿ 1954ರ 'ಗೊಜಿರಾ' ಚಿತ್ರದ ಗರ್ಜನೆಯನ್ನು ಸಂಗೀತಗಾರ ಅಕಿರಾ ಇಫುಕುಬೆ ಪಡೆದದ್ದು ದೊಡ್ಡ ಪಿಟೀಲಿನಂಥ ಡಬಲ್ ಬಾಸ್ ವಾದ್ಯದ ಸಡಿಲಿಸಿದ ತಂತಿಯ ಮೇಲೆ ರಾಳ ಹಚ್ಚಿದ ಚರ್ಮದ ಕೈಗವಸನ್ನು ಉಜ್ಜಿಸಿ. ಅದು ಅಲ್ಲಿನ ಲೆಕ್ಕದಲ್ಲಿ ದುಬಾರಿ ಚಿತ್ರ. ಆದರೆ ಉಪಾಯ ಮಾತ್ರ ಬಡವರದ್ದೇ.

ರೇ ಹ್ಯಾರಿಹೌಸೆನ್ ಅವರ ಕೆಲಸವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಕೀಲುಗಳಿರುವ ಪುಟ್ಟ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ ಎಂಬಂತೆ ತೆಗೆಯುತ್ತಾ ಹೋದರೆ, ಸೆಕೆಂಡಿಗೆ 24 ಚಿತ್ರಗಳ ವೇಗದಲ್ಲಿ ಓಡಿಸಿದಾಗ ಗೊಂಬೆ ತಾನಾಗಿ ಚಲಿಸಿದಂತೆ ಕಾಣುತ್ತದೆ. ಸ್ಟಾಪ್-ಮೋಷನ್ ಎಂದು ಕರೆಯುವ ಈ ವಿಧಾನದಲ್ಲಿ ಒಂದು ನಿಮಿಷದ ಚಲನೆಗೆ 1,440 ಚಿತ್ರಗಳು ಬೇಕಾಗುತ್ತವೆ. 1955ರ 'ಇಟ್ ಕೇಮ್ ಫ್ರಮ್ ಬಿನೀತ್ ದಿ ಸೀ' ಚಿತ್ರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯನ್ನು ಮುರಿಯುವ ದೈತ್ಯ ಅಷ್ಟಪದಿಗೆ ಇರುವುದು ಆರೇ ಕೈ. ಎಂಟು ಕೈಗಳನ್ನು ಒಂದೊಂದಾಗಿ ಸರಿಸಲು ಹಣವೂ ಸಮಯವೂ ಇರಲಿಲ್ಲ. ಹೆಚ್ಚಿನ ಪ್ರೇಕ್ಷಕರು ಅದನ್ನು ಎಣಿಸಲೇ ಇಲ್ಲ, ಏಕೆಂದರೆ ಆ ಆರು ಕೈಗಳು ಹುಡುಕುವ, ತಡವರಿಸುವ, ಹಿಡಿಯುವ ರೀತಿಯಲ್ಲಿ ಜೀವವಿತ್ತು.

ತಂತ್ರದ ಮಾತು ಇಷ್ಟಿರಲಿ. ಈ ಚಿತ್ರಗಳ ಒಳಗಿನ ಭಯ ಅದಕ್ಕಿಂತ ಮುಖ್ಯ. 1951ರಿಂದ ನೆವಾಡ ಮರುಭೂಮಿಯಲ್ಲಿ ಅಣುಬಾಂಬುಗಳ ಪ್ರಯೋಗ ನಡೆಯುತ್ತಿತ್ತು; 1954ರ ಮಾರ್ಚಿನಲ್ಲಿ ಬಿಕಿನಿ ದ್ವೀಪದ ಜಲಜನಕ ಬಾಂಬು ದೂರದ ಜಪಾನಿ ಮೀನುಗಾರರ ಮೇಲೂ ವಿಷಬೂದಿಯನ್ನು ಸುರಿಸಿತು; ಶಾಲೆಯ ಮಕ್ಕಳು ಬಾಂಬು ಬಿದ್ದರೆ ಮೇಜಿನಡಿ ಅವಿತುಕೊಳ್ಳುವ ಅಭ್ಯಾಸ ಮಾಡುತ್ತಿದ್ದರು. ಈ ಭಯವನ್ನು ನೇರವಾಗಿ ಹೇಳಲು ದೊಡ್ಡ ಚಿತ್ರಗಳು ಹಿಂಜರಿದಾಗ, ಹಿಂಜರಿಯಲು ಮಾನಮರ್ಯಾದೆಯ ಚಿಂತೆಯಿಲ್ಲದ ಸಣ್ಣ ಚಿತ್ರಗಳು ಬೃಹತ್ ಏಡಿಗಳ, ಕುಗ್ಗುತ್ತ ಹೋಗುವ ಮನುಷ್ಯನ ರೂಪದಲ್ಲಿ ಅದನ್ನು ಹೇಳಿಬಿಟ್ಟವು. 1957ರ 'ದಿ ಇನ್‌ಕ್ರೆಡಿಬಲ್ ಶ್ರಿಂಕಿಂಗ್ ಮ್ಯಾನ್' ಚಿತ್ರದಲ್ಲಿ ವಿಚಿತ್ರ ಮಂಜೊಂದು ತಾಕಿದ ಮೇಲೆ ದಿನೇದಿನೇ ಚಿಕ್ಕದಾಗುವ ಗೃಹಸ್ಥನಿಗೆ ತನ್ನದೇ ಮನೆಯ ಬೆಕ್ಕು ಹುಲಿಯಾಗುತ್ತದೆ, ನೆಲಮಾಳಿಗೆ ಮರುಭೂಮಿಯಾಗುತ್ತದೆ. ಕೊನೆಗೂ ಅವನಿಗೆ ಔಷಧ ಸಿಗುವುದಿಲ್ಲ.

ಈ ಗುಂಪಿನಲ್ಲಿ ಅತ್ಯುತ್ತಮವೆಂದು ನಿಸ್ಸಂಕೋಚವಾಗಿ ಹೇಳಬಹುದಾದ ಚಿತ್ರ, ಜ್ಯಾಕ್ ಫಿನಿಯ ಕಾದಂಬರಿಯನ್ನು ಆಧರಿಸಿ ಡಾನ್ ಸೀಗಲ್ ನಿರ್ದೇಶಿಸಿದ 1956ರ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್'. ಕ್ಯಾಲಿಫೋರ್ನಿಯದ ಸಣ್ಣ ಊರೊಂದರ ವೈದ್ಯನ ಬಳಿಗೆ ಬರುವವರು ಒಂದೇ ಬಗೆಯ ದೂರು ಹೇಳುತ್ತಾರೆ: ತನ್ನ ಚಿಕ್ಕಪ್ಪ ಚಿಕ್ಕಪ್ಪನಲ್ಲವೆಂದು ಒಬ್ಬಳು, ತನ್ನ ತಾಯಿ ತಾಯಿಯಲ್ಲವೆಂದು ಒಬ್ಬ ಹುಡುಗ. ರೂಪ, ದನಿ, ನೆನಪು ಎಲ್ಲವೂ ಹಾಗೆಯೇ ಇದ್ದು, ಕಣ್ಣಿನಲ್ಲಿದ್ದ ಅಕ್ಕರೆ ಮಾತ್ರ ಮಾಯವಾಗಿದೆ. ಬಾಹ್ಯಾಕಾಶದಿಂದ ಬಂದ ಬೀಜಗಳಿಂದ ಬೆಳೆದ ದೊಡ್ಡ ಕೋಡುಗಳು ನಿದ್ರಿಸಿದವರ ಪ್ರತಿರೂಪವನ್ನು ತಾಳುತ್ತವೆ. ಹಾಗೆ ಬದಲಾದವರಿಗೆ ನೋವಿಲ್ಲ, ಪ್ರೀತಿಯೂ ಇಲ್ಲ. ಚಿತ್ರದ ಅತಿ ಭಯಂಕರ ದೃಶ್ಯ ನಡೆಯುವುದು ಹಗಲಿನಲ್ಲಿ. ನಾಯಕ-ನಾಯಕಿಯರು ರಾತ್ರಿಯೆಲ್ಲ ಎಚ್ಚರವಿದ್ದು, ಶನಿವಾರದ ಮುಂಜಾನೆ ವೈದ್ಯನ ಕಚೇರಿಯ ಕಿಟಕಿಯಿಂದ ಊರ ಚೌಕವನ್ನು ನೋಡುತ್ತಾರೆ. ಜನ ಎಂದಿನಂತೆ ಓಡಾಡುತ್ತಿದ್ದಾರೆ. ಹೊರಗಿನಿಂದ ಬಂದವರನ್ನು ಪಕ್ಕಕ್ಕೆ ಕಳಿಸಿದ ಕೂಡಲೇ ಎಲ್ಲರೂ ಒಂದೇ ಕಡೆಗೆ ನಡೆಯುತ್ತಾರೆ, ರೈತರ ಲಾರಿಗಳು ಬಂದು ನಿಲ್ಲುತ್ತವೆ, ಮತ್ತು ನೆರೆಯೂರುಗಳಲ್ಲಿ ಬಂಧುಗಳಿರುವವರ ಪಾಲಿಗೆ ಕೋಡುಗಳು ಒಂದೊಂದಾಗಿ ಹಂಚಿಕೆಯಾಗುತ್ತವೆ. ಎಳೆಬಿಸಿಲು, ಮರದ ನೆರಳು, ಪೊಲೀಸರ ಶಿಸ್ತು, ಯಾರ ಮುಖದಲ್ಲೂ ಕ್ರೌರ್ಯವಿಲ್ಲ. ವಿಶೇಷ ತಂತ್ರಕ್ಕೆ ಒಂದು ಕಾಸೂ ಬೇಡದ ಈ ದೃಶ್ಯ, ಪರಿಚಿತ ಊರು ತನ್ನದಲ್ಲದಂತಾಗುವ ಅನುಭವವನ್ನು ಹಿಡಿದಿಟ್ಟ ಬಗೆಗೆ ಸಾಟಿ ಕಡಿಮೆ. ಇದು ಕಮ್ಯುನಿಸಂ ಕುರಿತ ಎಚ್ಚರಿಕೆಯೋ, ಕಮ್ಯುನಿಸ್ಟರನ್ನು ಬೇಟೆಯಾಡುತ್ತಿದ್ದ ಸೆನೆಟರ್ ಮೆಕಾರ್ಥಿಯ ಕಾಲದ ಬಾಯಿಮುಚ್ಚಿದ ಸಮಾಜದ ಚಿತ್ರಣವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಎರಡೂ ಓದುಗಳನ್ನು ಚಿತ್ರ ತಾಳುತ್ತದೆಂಬುದೇ ಅದರ ಬಲ. ಹೆದ್ದಾರಿಯಲ್ಲಿ ನಿಂತು ಯಾರೂ ಕೇಳದ ಎಚ್ಚರಿಕೆಯನ್ನು ಕಿರುಚುವ ನಾಯಕನೊಂದಿಗೆ ಕಥೆ ಮುಗಿಯಬೇಕಿತ್ತು. ಅಷ್ಟು ನಿರಾಶೆ ಬೇಡವೆಂದು ಸಂಸ್ಥೆ ಒತ್ತಾಯಿಸಿ ಆರಂಭಕ್ಕೂ ಅಂತ್ಯಕ್ಕೂ ಸಮಾಧಾನದ ದೃಶ್ಯಗಳನ್ನು ಸೇರಿಸಿತು. ಚಿತ್ರಕ್ಕೆ ಅದು ಮಾಡಿದ ಅನ್ಯಾಯ.

ಅಮೆರಿಕದ ಹೊರಗೂ ಇಂಥ ಉಪಾಯಗಳು ನಡೆದವು. ಬ್ರಿಟನ್ನಿನಲ್ಲಿ ಬಿಬಿಸಿ ಧಾರಾವಾಹಿಯೊಂದನ್ನು ಆಧರಿಸಿ ಹ್ಯಾಮರ್ ಸಂಸ್ಥೆ 1955ರಲ್ಲಿ ತಯಾರಿಸಿದ 'ದಿ ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಚಿತ್ರದ ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಒಳಗೆ ತೆವಳುವ ರಾಕ್ಷಸನನ್ನು ಮಾಡಲು ಬಳಸಿದ ವಸ್ತುಗಳಲ್ಲಿ ಮಾಂಸದಂಗಡಿಯ ಬೋಟಿಯೂ ಸೇರಿತ್ತು. ದಕ್ಷಿಣ ಭಾರತಕ್ಕೂ ಈ ಚರಿತ್ರೆಯಲ್ಲಿ ಒಂದು ಸಣ್ಣ ಪಾಲಿದೆ. ಸೇಲಂ ನಗರದ ಮಾಡರ್ನ್ ಥಿಯೇಟರ್ಸ್ ಸಂಸ್ಥೆಯ ಟಿ. ಆರ್. ಸುಂದರಂ ಅಮೆರಿಕದವರೊಂದಿಗೆ ಕೈಜೋಡಿಸಿ 1952ರಲ್ಲಿ ಹೊರತಂದ 'ದಿ ಜಂಗಲ್' ಚಿತ್ರದಲ್ಲಿ, ಹಿಮಯುಗದ ಮ್ಯಾಮತ್‌ಗಳು ಇನ್ನೂ ಬದುಕಿ ಕಾಡಿನ ಊರುಗಳನ್ನು ತುಳಿಯುತ್ತವೆ. ನಮ್ಮ ಕಾಡಿನ ಆನೆಗಳಿಗೇ ಉದ್ದ ಕೂದಲು ತೊಡಿಸಿ ಅವುಗಳನ್ನು ಸೃಷ್ಟಿಸಲಾಯಿತು.

ಈ ಎಲ್ಲ ಚಿತ್ರಗಳೂ ಒಳ್ಳೆಯವೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ಅವಧಿ ತುಂಬಿಸಲು ಮಾತೇ ಮಾತು, ಬೇರೆಡೆಯಿಂದ ತಂದು ಅಂಟಿಸಿದ ಸೇನಾ ಕವಾಯತಿನ ತುಣುಕುಗಳು, ನಿದ್ದೆ ತರಿಸುವ ನಡಿಗೆಯ ದೃಶ್ಯಗಳು ಹಲವು ಚಿತ್ರಗಳಲ್ಲಿವೆ. 1953ರ 'ರೋಬೋಟ್ ಮಾನ್‌ಸ್ಟರ್' ಚಿತ್ರದ ನಿರ್ದೇಶಕ ಫಿಲ್ ಟಕರ್‌ಗೆ ಯಂತ್ರಮಾನವನ ವೇಷ ಮಾಡಿಸಲು ಹಣ ಸಾಲದೆ, ಸ್ವಂತ ಗೊರಿಲ್ಲಾ ವೇಷವಿದ್ದ ನಟನೊಬ್ಬನನ್ನು ಕರೆಸಿ ಅವನ ತಲೆಗೆ ಮುಳುಗುಗಾರರ ಶಿರಸ್ತ್ರಾಣದಂಥದ್ದನ್ನು ತೊಡಿಸಬೇಕಾಯಿತು. ಎಡ್ ವುಡ್ ತಮ್ಮ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ಚಿತ್ರದಲ್ಲಿ, 1956ರಲ್ಲಿ ತೀರಿಕೊಂಡಿದ್ದ ನಟ ಬೇಲಾ ಲುಗೋಸಿಯ ಕೆಲವೇ ನಿಮಿಷಗಳ ದೃಶ್ಯಗಳನ್ನು ಸೇರಿಸಿ, ಉಳಿದ ಕಡೆ ಮುಖಕ್ಕೆ ಮೇಲಂಗಿ ಮುಚ್ಚಿಕೊಂಡ ಬೇರೊಬ್ಬನಿಂದ ಆ ಪಾತ್ರವನ್ನು ಮಾಡಿಸಿದರು. 1980ರಲ್ಲಿ ಬಂದ ಒಂದು ಪುಸ್ತಕ ಇದಕ್ಕೆ ಸಾರ್ವಕಾಲಿಕ ನಿಕೃಷ್ಟ ಚಿತ್ರವೆಂಬ ಪಟ್ಟ ಕಟ್ಟಿದ ಮೇಲೆ, ಇಂಥ ಚಿತ್ರಗಳನ್ನು ಗುಂಪಾಗಿ ಕುಳಿತು ಅಣಕಿಸುವುದು ಒಂದು ರೂಢಿಯಾಯಿತು. ಆ ಪಟ್ಟ ನ್ಯಾಯವಾದುದಲ್ಲ. ಚಿತ್ರರಂಗದ ನಿಜವಾದ ಕೆಟ್ಟ ಚಿತ್ರಗಳು ನಿರ್ವಿಕಾರವಾಗಿರುತ್ತವೆ, ಯಾರೂ ಬಯಸಿ ಮಾಡದವಾಗಿರುತ್ತವೆ. ವುಡ್ ಮಾಡಿದ ಪ್ರತಿಯೊಂದು ದೃಶ್ಯದಲ್ಲೂ ಅದನ್ನು ಮಾಡಲೇಬೇಕೆಂಬ ಹಂಬಲ ಎದ್ದುಕಾಣುತ್ತದೆ, ಮನುಷ್ಯರು ಇನ್ನಷ್ಟು ದೊಡ್ಡ ಬಾಂಬು ಕಂಡುಹಿಡಿದು ತಮ್ಮೊಂದಿಗೆ ವಿಶ್ವವನ್ನೂ ಸುಡುವರೆಂಬ ಚಿತ್ರದ ಕಳವಳವೂ ಪ್ರಾಮಾಣಿಕವಾದುದು.

ಪೆನ್ಸಿಲ್ವೇನಿಯದಲ್ಲಿ ಹಾಲಿವುಡ್ಡಿನ ಹಂಗಿಲ್ಲದೆ ತಯಾರಾದ 'ದಿ ಬ್ಲಾಬ್' ಬಗ್ಗೆ ಜನರ ಅಕ್ಕರೆ ಬೇರೆಯೇ ರೂಪ ತಾಳಿದೆ. ಆಕಾಶದಿಂದ ಬಿದ್ದು, ಸಿಕ್ಕಿದವರನ್ನೆಲ್ಲ ನುಂಗುತ್ತ ಬೆಳೆಯುವ ಕೆಂಪು ಲೋಳೆಯ ಈ ಕಥೆಯಲ್ಲಿ ಲೋಳೆಯೆಂದರೆ ಬಣ್ಣ ಕಲೆಸಿದ ಸಿಲಿಕೋನ್. 1958ರಲ್ಲಿ ಬಿಡುಗಡೆಯಾದ ಚಿತ್ರದಲ್ಲಿ ಅದು ನುಗ್ಗಿದಾಗ ಪ್ರೇಕ್ಷಕರು ಕಿರುಚುತ್ತ ಹೊರಗೋಡುವ ಕಲೋನಿಯಲ್ ಚಿತ್ರಮಂದಿರ ಫೀನಿಕ್ಸ್‌ವಿಲ್ ಊರಿನಲ್ಲಿ ಇಂದಿಗೂ ಇದೆ, ಮತ್ತು ವರ್ಷಕ್ಕೊಮ್ಮೆ ಊರವರೂ ಪರವೂರವರೂ ಅಲ್ಲಿ ಸೇರಿ ಆ ಓಟವನ್ನು ಮತ್ತೆ ಓಡುತ್ತಾರೆ. ಅದೇ ರಾಜ್ಯದಲ್ಲಿ ಹತ್ತು ವರ್ಷಗಳ ಅನಂತರ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರುಗಳಲ್ಲಿ, ರಕ್ತದ ಬದಲು ಚಾಕೊಲೇಟ್ ಪಾಕ ಬಳಸಿ, 'ನೈಟ್ ಆಫ್ ದಿ ಲಿವಿಂಗ್ ಡೆಡ್' ಚಿತ್ರವನ್ನು ಮುಗಿಸಿದರು. ಕಪ್ಪು ಜನಾಂಗದ ನಟ ಡುವೇನ್ ಜೋನ್ಸ್ ನಾಯಕನಾದ ಈ ಚಿತ್ರ ಭೀತಿಯ ಚಿತ್ರಗಳ ದಿಕ್ಕನ್ನೇ ಬದಲಿಸಿತು.

ಈ ಪ್ರಕಾರಕ್ಕೆ ಹೊಸದಾಗಿ ಕಾಲಿಡುವ ಓದುಗರು ಎಂಬತ್ತು ನಿಮಿಷಗಳ 'ಇನ್ವೇಷನ್ ಆಫ್ ದಿ ಬಾಡಿ ಸ್ನ್ಯಾಚರ್ಸ್'ನಿಂದ ಆರಂಭಿಸಿ, 'ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್' ಮೂಲಕ ರೊಮೆರೊ ಚಿತ್ರಕ್ಕೆ ಬರುವುದು ಒಳ್ಳೆಯ ದಾರಿ. ಕಡೆಯದರ ಹೆಸರನ್ನು ಬಿಡುಗಡೆಗೆ ಮುನ್ನ ಬದಲಿಸಿದಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋದ ಕಾರಣ ಅದು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತಾಗಿದ್ದು, ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಬಾಡಿ ಸ್ನ್ಯಾಚರ್ಸ್ ಮತ್ತು ರೊಮೆರೊ ಚಿತ್ರಗಳಿಗೆ ಅನಂತರದ ದಿನಗಳಲ್ಲಿ ಬಣ್ಣ ತುಂಬಿದ ಪ್ರತಿಗಳೂ ಚಲಾವಣೆಯಲ್ಲಿವೆ. ಅವುಗಳನ್ನು ಬಿಟ್ಟು ಕಪ್ಪು-ಬಿಳುಪಿನ ಮೂಲ ಪ್ರತಿಯನ್ನೇ ಆರಿಸಿಕೊಳ್ಳಬೇಕು.